ಉಪ್ಪುನೀರಿನ ಅಕ್ವೇರಿಯಂ: ಹೊಸ ತೊಟ್ಟಿಯ ಮಬ್ಬು ಮತ್ತು ಪಾಚಿ

ಉಪ್ಪುನೀರಿನ ಅಕ್ವೇರಿಯಂ ಹೂಡಿದ ಮೊದಲ ವಾರಗಳಲ್ಲಿ ನೀರು ಮಬ್ಬಾಗುವುದು, ಆಮೇಲೆ ಪಾಚಿ ಕಟ್ಟುವುದು ಸಾಮಾನ್ಯ. ಸರಿಯಾಗಿ ತೊಳೆಯದ ಅರಗೊನೈಟ್ ಮರಳಿನ ಧೂಳಾದರೆ ಒಂದೆರಡು ದಿನಗಳಲ್ಲಿ ತಳ ಸೇರುತ್ತದೆ. ಹಾಲು ಬೆರೆಸಿದಂತೆ ಕಾಣುವ ಮಬ್ಬು ಬ್ಯಾಕ್ಟೀರಿಯಾಗಳದು. ಅವು ಆಮ್ಲಜನಕವನ್ನು ಕಬಳಿಸುವುದರಿಂದ ನೀರಿನ ಮೇಲ್ಮೈ ಸದಾ ಕಲಕುತ್ತಿರಬೇಕು. ಗಾಬರಿಬಿದ್ದು ನೀರನ್ನೆಲ್ಲ ಚೆಲ್ಲಿ, ಫಿಲ್ಟರನ್ನು ನಲ್ಲಿನೀರಿನಲ್ಲಿ ಉಜ್ಜಿ ತೊಳೆಯುವುದು ತಪ್ಪು. ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳೂ ಕೊಳೆಯೊಂದಿಗೆ ಕೊಚ್ಚಿಹೋಗುತ್ತವೆ. ಈ ಚಕ್ರ ನೆಲೆಗೊಳ್ಳಲು ಸಾಮಾನ್ಯವಾಗಿ 4–6 ವಾರ ಬೇಕು. ಇಲ್ಲಿ ತಾಳ್ಮೆಗಿಂತ ದೊಡ್ಡ ಮದ್ದಿಲ್ಲ.

ಮರಳಿನ ಮೇಲೆ ಮೊದಲು ಹರಡುವ ಕಂದು ಲೇಪ ಡಯಾಟಮ್‌ಗಳದು. ಅವುಗಳ ಕೋಶಭಿತ್ತಿ ಸಿಲಿಕದ್ದು; ನಲ್ಲಿ, ಬೋರ್‌ವೆಲ್ ನೀರಿನ ಸಿಲಿಕೇಟೇ ಅವಕ್ಕೆ ಮೇವು. ಅದು ಮುಗಿದರೆ ಲೇಪವೂ ತಾನಾಗಿ ತೆಳುವಾಗುತ್ತದೆ. ಬಳಿಕ ಬರುವ ಹಸಿರು ಪಾಚಿ ನೈಟ್ರೇಟ್, ಫಾಸ್ಫೇಟ್, ಬೆಳಕುಗಳಿಂದ ಕೊಬ್ಬುತ್ತದೆ. ಮೀನಿಗೆ ಮಿತ ಆಹಾರ, ದಿನಕ್ಕೆ 6–8 ಗಂಟೆಯಷ್ಟೇ ದೀಪ, ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಾವಣೆ ಇದಕ್ಕೆ ಉಪಾಯ. ಪಾಚಿ ಮೇಯುವ ಟರ್ಬೊ ಬಸವನಹುಳುವನ್ನೂ ಬಿಡಬಹುದು, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಗೆ ಇಳಿದ ಮೇಲೆ. ತೊಟ್ಟಿಗೆ ಆರ್‌ಒ-ಡಿಐ (ರಿವರ್ಸ್ ಆಸ್ಮೋಸಿಸ್ ಮತ್ತು ಡಿಅಯಾನೈಸೇಶನ್‌ನಿಂದ ಶುದ್ಧಗೊಳಿಸಿದ) ನೀರೇ ಉತ್ತಮ. ಅದಕ್ಕೆ ಬೆರೆಸಬೇಕಾದದ್ದು ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಮಾರುವ ಸಮುದ್ರಲವಣ, ಲೀಟರಿಗೆ ಸುಮಾರು 35 ಗ್ರಾಂ.