ಝಡ್ ಕಣದ ಆಯುಷ್ಯ ಅಳೆದ ಬಗೆ

ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿ. ಹೀಗೆ ನಾಲ್ಕು ಸಲ ಮಾಡಿದಾಗ ಉಳಿಯುವ ಚೂರಿನ ಸುಮಾರು ಕಾಲುಭಾಗವೇ ಝಡ್ ಕಣದ ಸರಾಸರಿ ಆಯುಷ್ಯ. ಇದನ್ನು ಯಾವ ಗಡಿಯಾರ ಅಳೆದೀತು?

ಇಂಥ ಕಣ ಇರಲೇಬೇಕೆಂದು ಗ್ಲಾಶೋ, ಅಬ್ದುಸ್ ಸಲಾಂ ಮತ್ತು ವೈನ್‌ಬರ್ಗ್ ಅವರ ಸಿದ್ಧಾಂತ ಹೇಳಿತ್ತು. 1979ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಾಗಲೂ ಕಣವನ್ನು ಯಾರೂ ಕಂಡಿರಲಿಲ್ಲ. 1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಅದು ಸಿಕ್ಕಿತು. ಸಿಕ್ಕಿತು ಎಂದರೆ ಅದು ಒಡೆದಾಗ ಹುಟ್ಟಿದ ಎಲೆಕ್ಟ್ರಾನ್-ಪಾಸಿಟ್ರಾನ್‌ನಂಥ ಜೋಡಿಗಳು ಸಿಕ್ಕವು. ಅವುಗಳ ಶಕ್ತಿ ಮತ್ತು ದಿಕ್ಕಿನಿಂದ ತಾಯಿಕಣದ ದ್ರವ್ಯರಾಶಿಯನ್ನು ಲೆಕ್ಕ ಹಾಕಿದರು.

ಆಯುಷ್ಯದ ಮಾತು ಬೇರೆ. ಬಿ ಮೆಸಾನ್‌ನಂಥ ಕಣ ಒಡೆಯುವ ಮೊದಲು ಕೆಲವು ಮಿಲಿಮೀಟರ್ ಸಾಗಬಲ್ಲದು. ಆ ದೂರದಿಂದ ಆಯುಷ್ಯ ತಿಳಿಯುತ್ತದೆ. ಝಡ್ ಕಣದ ಆಯುಷ್ಯದಲ್ಲಿ ಬೆಳಕು ಕೂಡ ಒಂದು ಪ್ರೋಟಾನಿನ ಅಗಲವನ್ನು ದಾಟಲಾರದು. ಇಲ್ಲಿ ಕ್ವಾಂಟಂ ನಿಯಮವೊಂದು ನೆರವಿಗೆ ಬಂತು: ಆಯುಷ್ಯ ಕಡಿಮೆಯಾದಷ್ಟೂ ದ್ರವ್ಯರಾಶಿ ಒಂದೇ ಅಂಕಿಯಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ಆ ಹರಹನ್ನು ಅಳೆದರೆ ಆಯುಷ್ಯ ಅಳೆದಂತೆ.

1989ರಲ್ಲಿ ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಲೆಪ್ ಯಂತ್ರ ಆರಂಭವಾಯಿತು. ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುತ್ತ, ಶಕ್ತಿಯನ್ನು 91 ಜಿಇವಿ ಆಸುಪಾಸಿನಲ್ಲಿ ಸ್ವಲ್ಪಸ್ವಲ್ಪವೇ ಏರಿಳಿಸಿ, ಪ್ರತಿ ಹಂತದಲ್ಲೂ ಎಷ್ಟು ಝಡ್ ಹುಟ್ಟಿದವೆಂದು ಎಣಿಸಿದರು. ನಕ್ಷೆಯಲ್ಲಿ ಒಂದು ಗುಡ್ಡ ಮೂಡಿತು. ಈ ಕೆಲಸ ಮಾಡಿದ ನಾಲ್ಕು ತಂಡಗಳಲ್ಲಿ ಎಲ್-3 ಒಂದು; ಅದರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಇದ್ದರು.

ಕಣ ಒಡೆಯುವ ದಾರಿಗಳು ಹೆಚ್ಚಿದಷ್ಟೂ ಗುಡ್ಡ ಅಗಲವಾಗುತ್ತದೆ. ನ್ಯೂಟ್ರಿನೊಗಳು ಯಾವ ಉಪಕರಣಕ್ಕೂ ಸಿಗದೆ ಪಾರಾದರೂ ಗುಡ್ಡದ ಆಕಾರ ಅವುಗಳ ಗುಟ್ಟು ಬಿಟ್ಟುಕೊಟ್ಟಿತು. ಹಗುರ ನ್ಯೂಟ್ರಿನೊಗಳಲ್ಲಿ ಮೂರೇ ಬಗೆ ಎಂಬುದು ಆ ವರ್ಷದ ಅಕ್ಟೋಬರಿನಲ್ಲೇ ಸ್ಪಷ್ಟವಾಯಿತು. ನನಗಂತೂ ಈ ಇಡೀ ಕಥೆಯಲ್ಲಿ ಅತಿ ಸೊಗಸಾಗಿ ಕಾಣುವುದು ಇದೇ.

ಆದರೆ ಅಳತೆ ಸೂಕ್ಷ್ಮವಾದಂತೆ ಹೊಸ ತಕರಾರುಗಳು ಹುಟ್ಟಿದವು. ಯಂತ್ರದ ಶಕ್ತಿ ಕಾರಣವಿಲ್ಲದೆ ಏರಿಳಿಯುತ್ತಿತ್ತು. ಸಮುದ್ರವನ್ನು ಉಬ್ಬಿಸುವ ಚಂದ್ರ ನೆಲವನ್ನೂ ಉಬ್ಬಿಸಿ, ಅಷ್ಟು ದೊಡ್ಡ ಉಂಗುರದ ಸುತ್ತಳತೆಯನ್ನು ಸುಮಾರು ಒಂದು ಮಿಲಿಮೀಟರ್ ಬದಲಿಸುತ್ತಿದ್ದನೆಂದು 1992ರಲ್ಲಿ ಖಚಿತವಾಯಿತು. 1995ರಲ್ಲಿ ಇನ್ನೊಂದು ಕಾರಣ ಸಿಕ್ಕಿತು: ಹತ್ತಿರದ ವಿದ್ಯುತ್ ರೈಲುಗಳಿಂದ ನೆಲಕ್ಕೆ ಸೋರುತ್ತಿದ್ದ ಕರೆಂಟು!

ಸುಮಾರು 1.7 ಕೋಟಿ ಝಡ್‌ಗಳ ಲೆಕ್ಕ ಒಟ್ಟಾಗಿ 2006ರಲ್ಲಿ ಪ್ರಕಟವಾದಾಗ ಗುಡ್ಡದ ಅಗಲ 2.495 ಜಿಇವಿ, ನ್ಯೂಟ್ರಿನೊ ಬಗೆಗಳ ಸಂಖ್ಯೆ 2.984 ಎಂದು ಬಂತು. ಮೂರಕ್ಕೆ ಆ ಚೂರು ಕೊರತೆ ಏಕೆ? ಎದುರುಬದುರು ಬರುವ ಕಣಗುಂಪುಗಳು ಒಂದನ್ನೊಂದು ಎಳೆಯುವ ಪರಿಣಾಮವನ್ನು ಹಳೆಯ ಲೆಕ್ಕ ಬಿಟ್ಟಿತ್ತು. ಯಂತ್ರ ನಿಂತು ಇಪ್ಪತ್ತು ವರ್ಷಗಳ ಮೇಲೆ, 2020ರಲ್ಲಿ, ಅದನ್ನೂ ಸೇರಿಸಿ ಲೆಕ್ಕ ತಿದ್ದಿದಾಗ ಬಂದ ಉತ್ತರ 2.996.