ಗ್ರಾಂಟ್ ರೋಡಿನ ಕೇರಂ ಪಂದ್ಯಾಟ

ಗ್ರಾಂಟ್ ರೋಡಿನಲ್ಲಿದ್ದೆ ಅಂತ ಊರಲ್ಲಿ ಹೇಳಿದರೆ ಈಗಲೂ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಅವರಿಗೆ ಗೊತ್ತಿರುವುದು ಅಲ್ಲಿನ ಟಾಕೀಸುಗಳು ಮತ್ತು ಟಾಕೀಸಿನ ಆಚೆಗಿನ ಗಲ್ಲಿಗಳು. ನನಗೆ ನೆನಪಾಗುವುದು ಬಿಳಿ ಪೌಡರು ಮೆತ್ತಿದ ಬೆರಳುಗಳು.

1979ರ ಮಾತು. ಸ್ಟೇಷನ್ನಿಗೆ ಪೂರ್ವಕ್ಕೆ, ಲ್ಯಾಮಿಂಗ್ಟನ್ ರೋಡಿನ ಕಡೆಗಿದ್ದ ಒಂದು ಹೋಟೆಲಿನ ಗಲ್ಲಾದಲ್ಲಿ ನಾನು ಹಗಲು ಕೂರುತ್ತಿದ್ದೆ. ಸಂಜೆ ಕನ್ನಡ ರಾತ್ರಿಶಾಲೆ. ಘಟ್ಟದ ಕೆಳಗಿನಿಂದ ಬಂದ ಎಷ್ಟೋ ಹುಡುಗರು ಎಸ್ಸೆಸ್ಸಿ ಪಾಸಾದದ್ದೇ ಹಾಗೆ. ಆ ಸುತ್ತಿನ ಹೋಟೆಲುಗಳವರು ಸೇರಿ ಮಾಡಿಕೊಂಡ ಒಂದು ಸಣ್ಣ ಬಳಗವಿತ್ತು. ನಲವತ್ತು ಚಿಲ್ಲರೆ ಮೆಂಬರುಗಳು, ತಿಂಗಳಿಗೆ ಒಂದು ರೂಪಾಯಿ ಚಂದಾ. ಧಣಿಗಳೂ ಇದ್ದರು, ಭಟ್ರೂ ಇದ್ದರು, ವೇಯ್ಟರುಗಳೂ ಇದ್ದರು.

ಆ ವರ್ಷ ಮೆಂಬರುಗಳಿಗೊಂದು ಸ್ನೇಹಕೂಟದ ಪಂದ್ಯಾಟ ಇಡಬೇಕು ಅಂತಾಯಿತು. ಕೋಟೆಯ ಕಡೆ ಒಂದು ದೊಡ್ಡ ಕ್ಲಬ್ಬಿನಲ್ಲಿ ಬೇರರ್ ಆಗಿದ್ದ ನಮ್ಮವರೊಬ್ಬರು ಡಾರ್ಟ್ಸ್ ಇಡುವ ಅಂದರು. ಗೋಡೆಗೆ ದುಂಡು ಹಲಗೆ, ಅದರ ಸುತ್ತ ಒಂದರಿಂದ ಇಪ್ಪತ್ತರವರೆಗೆ ಅಂಕೆ, ಏಳೆಂಟು ಅಡಿ ದೂರದಿಂದ ಸೂಜಿಬಾಣ ಎಸೆಯುವುದು. ಅವರು ಎದ್ದು ನಿಂತು ಎಸೆದೂ ತೋರಿಸಿದರು. ‘ರಾತ್ರಿ ಹನ್ನೊಂದು ಜನ ಮಲಗುವ ಖೋಲಿ ಮಾರಾಯ್ರೆ, ಬಾಣ ಯಾರ ಹೊಟ್ಟೆಗೆ ಹೋಗುವುದು?’ ಅಂತ ಭಟ್ರು ಕೇಳಿದರು. ಡಾರ್ಟ್ಸ್ ಅಲ್ಲಿಗೆ ಮುಗಿಯಿತು. ಕೇರಂ ಅಂತ ನಿಶ್ಚಯವಾಯಿತು.

ಅಕ್ಷರ ದುಂಡಗಿದೆ ಅಂತ ನಿಯಮ ಬರೆಯುವ ಕೆಲಸ ನನಗೆ ಬಂತು. ರಟ್ಟಿನ ಮೇಲೆ ಬರೆದೆ: ಒಂದು ವರ್ಷದ ಚಂದಾ ಪೂರ್ತಿ ಕೊಟ್ಟ ಮೆಂಬರರಿಗೆ ಮಾತ್ರ ಪ್ರವೇಶ. ಹಾಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ದೊಡ್ಡ ಸಂಘಗಳ ನೋಟೀಸುಗಳಲ್ಲಿ ಹಾಗಿರುತ್ತಿತ್ತು, ನೋಡಿ ಕಲಿತದ್ದು.

ನಮ್ಮ ಹೋಟೆಲಿನಲ್ಲಿ ಕಾರ್ಕಳದ ಕಡೆಯ ಒಬ್ಬ ಹುಡುಗ ಇದ್ದ. ಹದಿನಾರು ವರ್ಷ. ಅಂಗಡಿ ಅಂಗಡಿಗೆ ಚಹಾ ಕೊಂಡುಹೋಗುವ ಬಾಹರ್‌ವಾಲಾ. ಬಂದು ಎಂಟು ತಿಂಗಳಾಗಿತ್ತು ಅಷ್ಟೆ. ರಾತ್ರಿ ಒಂದು ಗಂಟೆಗೆ ಶಟರು ಎಳೆದ ಮೇಲೆ ಬೋರ್ಡಿನ ಮುಂದೆ ಕೂತರೆ ಅವನನ್ನು ಸೋಲಿಸುವವರು ಇರಲಿಲ್ಲ. ರಾಣಿಯನ್ನು ಹಾಕಿ, ಅದೇ ಉಸಿರಿನಲ್ಲಿ ಕವರ್ ಹಾಕಿ ಎದ್ದುಬಿಡುತ್ತಿದ್ದ. ರಟ್ಟು ಗೋಡೆಗೇರಿದ ದಿನ ಗಲ್ಲಾದ ಹತ್ತಿರ ಬಂದು ಕೇಳಿದ: ‘ಅಣ್ಣ, ನನ್ನ ಹೆಸರು ಉಂಟಾ?’

ಅವನ ಹತ್ತಿರ ಚಂದಾ ಯಾರೂ ಕೇಳಿಯೇ ಇರಲಿಲ್ಲ. ಸಂಬಳ ನೇರ ಊರಿಗೆ ಹೋಗುತ್ತಿತ್ತು.

ನಾನು ಸಭೆಯಲ್ಲಿ ವಿಷಯ ಎತ್ತಿದೆ. ಹಿರಿಯರೊಬ್ಬರು ಮೆತ್ತಗೆ ಹೇಳಿದರು: ‘ಚಂದಾ ಬಿಡು. ಚೀಟಿ ಎತ್ತುವಾಗ ಅವನಿಗೆ ಧಣಿಗಳೇ ಬಂದರೆ? ಕೇರಂ ಕೂತು ಆಡುವ ಆಟ. ಅವನು ಅವರೆದುರು ಕೂರುವುದು ಹೇಗೆ?’ ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ನಿಯಮ ನನ್ನದೇ ಅಕ್ಷರದಲ್ಲಿತ್ತು.

ಮುಂಬಯಿಯಲ್ಲಿ ಆಟ ಮೊದಲಿನಿಂದಲೂ ಮೆಂಬರುಗಳದ್ದು. 1875ರಲ್ಲಿ ಶುರುವಾದ ಬಾಂಬೆ ಜಿಮ್ಖಾನಾ ಬಿಳಿಯರದ್ದು, ನಮ್ಮವರಿಗೆ ಒಳಗೆ ಜಾಗವಿರಲಿಲ್ಲ. ಆಮೇಲೆ ಸಮುದ್ರದ ಬದಿಯಲ್ಲಿ ಪಾರ್ಸಿ, ಇಸ್ಲಾಂ, ಹಿಂದೂ ಅಂತ ಒಬ್ಬೊಬ್ಬರಿಗೆ ಒಂದೊಂದು ಜಿಮ್ಖಾನಾ ಎದ್ದವು. ಕ್ರಿಕೆಟ್ ಕೂಡ ಹಾಗೆಯೇ ಪಾಲಾಯಿತು. 1907ರಲ್ಲಿ ಮೂರು ಪಂಗಡದ ಪಂದ್ಯ, 1912ರಲ್ಲಿ ನಾಲ್ಕು, 1937ರಲ್ಲಿ ಐದು. 1946ಕ್ಕೆ ನಿಂತಿತು. ಮೆಂಬರಿಕೆಯಿಂದ ಒಳ್ಳೆಯದೇ ಆಗಿಲ್ಲ ಅಂತಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ನಡೆದರೆ ಗಾಮದೇವಿ. ಕೆನರಾದಿಂದ ಗುಮಾಸ್ತೆ ಕೆಲಸಕ್ಕೆ ಬಂದು ಬಾಡಿಗೆ ಮನೆ ಸಿಗದೆ ಅಲೆದ ಸಾರಸ್ವತರಿಗಾಗಿ ಶ್ರೀಪಾದ ಸುಬ್ರಾವ್ ತಲ್ಮಕಿ 1915ರಲ್ಲಿ ಸಹಕಾರಿ ಗೃಹ ಸೊಸೈಟಿ ಕಟ್ಟಿದ್ದು ಅಲ್ಲಿ. ಪಾಲು ತೆಗೆದುಕೊಂಡ ಮೆಂಬರಿಗೆ ತಲೆಯ ಮೇಲೊಂದು ಮಾಡು ಸಿಕ್ಕಿತು. ಆದರೆ ಪಟ್ಟಿ ಅಂದ ಮೇಲೆ ಪಟ್ಟಿಯ ಹೊರಗೆ ಯಾರೋ ಇದ್ದೇ ಇರುತ್ತಾರೆ.

ಗ್ರಾಂಟ್ ರೋಡಿನ ಗ್ರಾಂಟ್ ಸಾಹೇಬರ ಸಂಗತಿಯೂ ಇದೇ. ರಾಬರ್ಟ್ ಗ್ರಾಂಟ್ 1835ರಿಂದ 1838ರಲ್ಲಿ ತೀರಿಕೊಳ್ಳುವವರೆಗೆ ಮುಂಬಯಿಯ ಗವರ್ನರ್. ಅದಕ್ಕೂ ಮೊದಲು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಯೆಹೂದಿಗಳಿಗೂ ಸಮಾನ ಹಕ್ಕು ಬೇಕೆಂದು 1830ರಲ್ಲಿ ಮಸೂದೆ ತಂದವರು. 1833ರಲ್ಲಿ ಮತ್ತೆ ತಂದಾಗ ಕೆಳಮನೆ ಒಪ್ಪಿತು, ಮೇಲ್ಮನೆ ತಳ್ಳಿಹಾಕಿತು. ಕೆಳಮನೆಯಲ್ಲಿ ಒಬ್ಬ ಯೆಹೂದಿ ಕೂರುವುದಕ್ಕೆ 1858 ಬರಬೇಕಾಯಿತು. ಯಾರು ಕೂರಬಹುದು ಅಂತ ಜಗಳಾಡಿದವರ ಹೆಸರಿನ ರಸ್ತೆಯಲ್ಲಿದ್ದೇವೆ ಅಂತ ನಮಗೆ ಆಗ ಗೊತ್ತಿರಲಿಲ್ಲ.

ಪಂದ್ಯಾಟ ಒಂದು ಆದಿತ್ಯವಾರ ನಡೆಯಿತು. ಚಹಾಪುಡಿಯ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದೆವು. ಮಾಡಿನಿಂದ ಬಲ್ಬು ಇಳಿಬಿಟ್ಟು ರಟ್ಟಿನ ಮುಚ್ಚಿಗೆ ಕಟ್ಟಿದೆವು. ಹುಡುಗನಿಗೆ ಬೇಜಾರಾಗಬಾರದು ಅಂತ ನಾನೇ ಒಂದು ಉಪಾಯ ಮಾಡಿದೆ. ಬೋರ್ಡಿಗೆ ಪೌಡರು ಹಾಕಿ ಉಜ್ಜುವುದು, ಗುಳಿಯಿಂದ ಕಾಯಿ ತೆಗೆದು ಜೋಡಿಸುವುದು ಅವನ ಕೆಲಸ. ಅವನು ದಿನವಿಡೀ ನಿಂತೇ ಇದ್ದ. ಬಹಳ ಒಳ್ಳೆಯ ಏರ್ಪಾಡು ಮಾಡಿದೆ ಅಂತ ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು.

ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಬಂದದ್ದು 2002ರಲ್ಲಿ. ಅದರಲ್ಲಿ ಪಾಲ್ವಣಕರ್ ಬಾಳೂ ಅವರ ಕಥೆ ಓದಿದೆ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ದಲಿತ ಹುಡುಗ. ಪುಣೆಯ ಸಾಹೇಬರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆಯುವ, ನೆಟ್ ಕಟ್ಟುವ ಕೆಲಸಕ್ಕಿದ್ದ. ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕುತ್ತಿದ್ದ. ಆಮೇಲೆ ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕಾಯಿತು. ಮೈದಾನದಲ್ಲಿ ಎಲ್ಲರೂ ಮುಟ್ಟಿದ್ದು ಒಂದೇ ಚೆಂಡು. ಚಹಾ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕಪ್ಪು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಆ ಬೌಲರನನ್ನು ಹಿಂದೂ ತಂಡ ಕೊನೆಗೂ ನಾಯಕ ಮಾಡಲಿಲ್ಲ. ಅವನ ತಮ್ಮ ವಿಠಲನಿಗೆ ಆ ಪಟ್ಟ 1923ರಲ್ಲಿ ಸಿಕ್ಕಿತು.

ಮಣ್ಣಿನ ಕಪ್ಪಿನ ಪುಟ ಓದಿ ನಾನು ಪುಸ್ತಕ ಮಡಚಿಟ್ಟೆ. ಬಾಳೂ ಪಟ್ಟ ಪಾಡೇ ಬೇರೆ. ನಮ್ಮ ಹುಡುಗನಿಗೆ ಜಾತಿಯ ತೊಡಕಿರಲಿಲ್ಲ, ಅದಕ್ಕೂ ಇದಕ್ಕೂ ತಾಳೆ ಹಾಕಬಾರದು. ಆದರೆ ರೋಲರ್ ಎಳೆಯುವ ಕೆಲಸ, ಪೌಡರು ಉಜ್ಜುವ ಕೆಲಸ. ಎರಡನೆಯದನ್ನು ಕೊಟ್ಟವನು ನಾನು.

ಆ ಆದಿತ್ಯವಾರ ಗೆದ್ದವರು ಒಬ್ಬ ವೇಯ್ಟರ್. ಬಹುಮಾನ ಒಂದು ಸ್ಟೀಲ್ ಡಬ್ಬಿ. ಧಣಿಗಳು ಕೈಕುಲುಕಿ, ಫೋಟೋ ತೆಗೆಸಿಕೊಂಡು ಮನೆಗೆ ಹೋದರು. ರಾತ್ರಿ ಒಂದೂವರೆಗೆ ಎಚ್ಚರವಾದಾಗ ಬಲ್ಬು ಇನ್ನೂ ಉರಿಯುತ್ತಿತ್ತು. ಗೆದ್ದವರು ಮತ್ತು ಹುಡುಗ ಎದುರುಬದುರು ಕೂತಿದ್ದರು. ಸುತ್ತ ಮಲಗಿದವರಿಗೆ ಎಚ್ಚರವಾಗಬಾರದು ಅಂತ ಇಬ್ಬರೂ ಸ್ಟ್ರೈಕರನ್ನು ಮೆಲ್ಲಗೆ ಹೊಡೆಯುತ್ತಿದ್ದರು. ಎಷ್ಟು ಬೋರ್ಡು ಆಡಿದರೋ, ಯಾರು ಗೆದ್ದರೋ, ಬೆಳಿಗ್ಗೆ ಇಬ್ಬರೂ ಹೇಳಲಿಲ್ಲ.

ಮರುವರ್ಷ ರಟ್ಟಿನ ಮೇಲಿನ ‘ಒಂದು ವರ್ಷ’ವನ್ನು ಹೊಡೆದು ‘ಒಂದು ತಿಂಗಳು’ ಅಂತ ಬರೆದೆ. ಯಾರೂ ತಕರಾರು ಮಾಡಲಿಲ್ಲ. ಅಷ್ಟರಲ್ಲಿ ಹುಡುಗ ಭಾಂಡೂಪಿನ ಯಾವುದೋ ಹೋಟೆಲಿಗೆ ಹೋಗಿಯಾಗಿತ್ತು.