ಅಂಬಾಸಿಡರ್ ಗಳಿಸಿದ ಹೆಸರು

ಒಂದು ಕಾಲಕ್ಕೆ ಮದುವೆಯ ದಿಬ್ಬಣಕ್ಕೂ ಮಂತ್ರಿಗಳ ಸವಾರಿಗೂ ಅಂಬಾಸಿಡರ್ ಕಾರೇ ಬೇಕು. ಅದನ್ನು ತಯಾರಿಸಿದ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯನ್ನು ಬಿರ್ಲಾ ಮನೆತನದವರು 1942ರಲ್ಲಿ ಸ್ಥಾಪಿಸಿದರು. ಗುಜರಾತಿನ ಓಖಾ ಬಂದರಿನಲ್ಲಿದ್ದ ಕಾರ್ಖಾನೆ 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರ್ ಹೊರಬಂತು.

ಗಟ್ಟಿ ಗಾಡಿ, ಏಳೆಂಟು ಮಂದಿ ತುಂಬಿದರೂ ಹಳ್ಳದಿಣ್ಣೆಗೆ ಜಗ್ಗದು, ಕೆಟ್ಟರೆ ಯಾವ ಊರಿನ ಮೆಕ್ಯಾನಿಕ್ಕಾದರೂ ಸರಿಮಾಡಿಯಾನು ಎಂಬುದು ಅದರ ಕೀರ್ತಿ. ಅದು ಸುಳ್ಳಲ್ಲ. ಆದರೆ ಆ ಕೀರ್ತಿ ಬೆಳೆದದ್ದು ಲೈಸೆನ್ಸಿನ ಕಾಲದಲ್ಲಿ. ಪೈಪೋಟಿಗೆ ಫಿಯಟ್‌ನಂಥ ಒಂದೆರಡು ಕಾರುಗಳಿದ್ದವು, ಅಷ್ಟೆ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವವರಿದ್ದಾಗ ಕಾರನ್ನು ಸುಧಾರಿಸುವ ಆತುರ ಯಾರಿಗಿದ್ದೀತು? ಮಾರ್ಕ್ 2, 3, 4 ಎಂದು ಹೆಸರು ಬದಲಾದರೂ ಮೈಕಟ್ಟು ಹಳೆಯದೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಜನರಿಗೆ ಆಯ್ಕೆ ಸಿಕ್ಕಿತು. ಅಂಬಾಸಿಡರನ್ನು ಹೊಗಳುತ್ತಲೇ ಕೈಬಿಟ್ಟರು. 2013ರಲ್ಲಿ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮ ಅದನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದಿತು. ಮರುವರ್ಷದ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಕೆಲಸ ನಿಂತು 2,000ಕ್ಕೂ ಹೆಚ್ಚು ಕಾರ್ಮಿಕರು ಮನೆಯಲ್ಲಿ ಕುಳಿತರು. 2017ರಲ್ಲಿ ‘ಅಂಬಾಸಿಡರ್’ ಎಂಬ ಹೆಸರು ಫ್ರಾನ್ಸಿನ ಪ್ಯೂಜೊ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಾಟವಾಯಿತು.

ಹೆಸರು ಕೆಡದೆಯೂ ಮನೆ ಮುಳುಗಬಹುದು. ಬೇರೆ ದಾರಿಯಿಲ್ಲದವರ ಮೆಚ್ಚುಗೆಯನ್ನೇ ಪ್ರಮಾಣಪತ್ರವೆಂದು ನಂಬಿದವರು ಮಾಲೀಕರು; ಆ ನಂಬಿಕೆಯ ಬೆಲೆ ತೆತ್ತವರು ಕಾರ್ಮಿಕರು.